ಹಸಿ ಕಟ್ಟಿಗೆಯ ಮೇಜು

ಭಾನುವಾರದ ಆರಾಧನೆಯ ಸಂದೇಶ
ಓದುವ ಭಾಗ: ವಿಮೋಚನಕಾಂಡ 25:23-30, 31:1-5, ಮಾರ್ಕ 6:1-3

ದಯವಿಟ್ಟು ಕುಳಿತುಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಇವತ್ತು ಕುರ್ಚಿ ಮೇಜಿನ ವಿಷಯವೇ ಮಾತಾಡೋದು. ಹೋದ ವಾರ ಯೂತ್ ಮೀಟಿಂಗ್‌ನಲ್ಲಿ ಒಬ್ಬ ಸಹೋದರ ಕೇಳಿದ: "ಪಾಸ್ಟರ್, ನಾನು ರೂಮಿಗೆ ಸ್ವಂತ ಕೈಯಿಂದ ಒಂದು ಬುಕ್ ಶೆಲ್ಫ್ ಮಾಡ್ತಾ ಇದ್ದೀನಿ. ಶನಿವಾರ ಎಲ್ಲಾ ಅದಕ್ಕೇ ಹೋಗ್ತದೆ. ಆ ಸಮಯ ಪ್ರಾರ್ಥನೆಗೆ ಕೊಡಬೇಕಿತ್ತಾ?" ನಾನು ಆಗ ಉತ್ತರ ಕೊಡಲಿಲ್ಲ. ಯಾಕಂದ್ರೆ ಅದಕ್ಕೆ ಉತ್ತರ ಹೇಳಬೇಕಾದ್ರೆ ನನ್ನ ಮನೆಯ ಕಥೆ ಹೇಳಬೇಕು. ಅದನ್ನ ಈ ಪುಲ್ಪಿಟ್‌ನಿಂದ ಇದುವರೆಗೆ ಹೇಳಿಲ್ಲ.

ನಮ್ಮೂರು ತೆಲಸಂಗ. ಬೆಳಗಾವಿ ಜಿಲ್ಲೆ, ಅಥಣಿ ತಾಲೂಕು. ಬಿಸಿಲಿನ ಊರು. ಜೋಳ, ಈಗ ದ್ರಾಕ್ಷಿ. ಹಳ್ಳದ ದಂಡೆಗೆ, ಹೊಲದ ಬದುವಿಗೆ ಎಲ್ಲಿ ನೋಡಿದ್ರೂ ಜಾಲಿ ಗಿಡ. ಮುಳ್ಳು ಚುಚ್ಚಿಸಿಕೊಳ್ಳದೆ ಬೆಳೆದ ಹುಡುಗ ನಮ್ಮೂರಲ್ಲಿ ಇಲ್ಲ. ನಮ್ಮ ಮುತ್ಯಾ ಬಡಿಗತನ ಮಾಡ್ತಿದ್ರು. ರಂಟೆ, ಕುಂಟೆ, ಕೂರಿಗೆ, ನೊಗ, ಚಕ್ಕಡಿ ಗಾಲಿ. ರೈತರು ದುಡ್ಡು ಕೊಡ್ತಿರಲಿಲ್ಲ. ಸುಗ್ಗಿಯಾದ ಮೇಲೆ ಆಯ ಅಂತ ಜೋಳ ಅಳೆದು ಕೊಡೋರು. ನಮ್ಮ ಅಪ್ಪನ ಕಾಲಕ್ಕೆ ಟ್ರ್ಯಾಕ್ಟರ್ ಬಂತು, ಆಯ ಹೋಯ್ತು. ಅಪ್ಪ ಬಾಗಿಲು, ಕಿಟಕಿ, ಮಂಚಕ್ಕೆ ತಿರುಗಿದರು.

ಈಗ ವಾಕ್ಯಕ್ಕೆ ಬರೋಣ. ವಿಮೋಚನಕಾಂಡ 25ನೇ ಅಧ್ಯಾಯ. ದೇವರು ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ಸಾಮಾನುಗಳ ಅಳತೆ ಕೊಡ್ತಾ ಇದ್ದಾನೆ. ಒಂದು ಮೇಜು ಮಾಡಿಸಬೇಕು. ಉದ್ದ ಎರಡು ಮೊಳ, ಅಗಲ ಒಂದು ಮೊಳ, ಎತ್ತರ ಒಂದೂವರೆ ಮೊಳ. ಒಂದು ಮೊಳ ಅಂದ್ರೆ ಸುಮಾರು 18 ಇಂಚು. ಲೆಕ್ಕ ಹಾಕಿ. ಉದ್ದ 3 ಅಡಿ, ಅಗಲ ಒಂದೂವರೆ ಅಡಿ, ಎತ್ತರ 27 ಇಂಚು. ನಿಮ್ಮ ವರ್ಕ್ ಫ್ರಮ್ ಹೋಮ್ ಟೇಬಲ್ ಹೆಚ್ಚುಕಡಿಮೆ ಅಷ್ಟೇ ಇರ್ತದೆ, ಎರಡು ಮೂರು ಇಂಚು ಎತ್ತರ ಇರಬಹುದು. ಇಡೀ ಇಸ್ರಾಯೇಲಿನ ಹನ್ನೆರಡು ರೊಟ್ಟಿಗಳು ದೇವರ ಸನ್ನಿಧಿಯಲ್ಲಿ ಇದ್ದದ್ದು ಇಷ್ಟು ಸಣ್ಣ ಮೇಜಿನ ಮೇಲೆ.

ಯಾವ ಕಟ್ಟಿಗೆ? ನಿಮ್ಮ ಸತ್ಯವೇದದಲ್ಲಿ ನೋಡಿ. ಜಾಲೀ ಮರ! ಬೈಬಲ್ ಕಾಲೇಜಿನಲ್ಲಿ ಇದನ್ನ ಓದಿದಾಗ ನಾನು ನಕ್ಕುಬಿಟ್ಟಿದ್ದೆ. ಲೆಬನೋನಿನ ದೇವದಾರು ಅಂದ್ರೆ ಕೇಳೋಕೆ ಚೆನ್ನಾಗಿರ್ತದೆ. ಜಾಲಿ? ನಮ್ಮೂರಲ್ಲಿ ಒಲೆಗೆ ಹಾಕೋದು, ಬೇಲಿಗೆ ಬಡಿಯೋದು. ಸೀನಾಯಿಯ ಮರುಭೂಮಿಯಲ್ಲಿ ಇರೋ ಜಾತಿ ನಮ್ಮ ಕರಿಜಾಲಿಯೇ ಅಲ್ಲ, ಆದ್ರೆ ಅದರ ಹತ್ತಿರದ ಸಂಬಂಧಿ. ಅದೇ ಮುಳ್ಳು, ಅದೇ ಸಣ್ಣ ಎಲೆ, ಅದೇ ನೀರಿಲ್ಲದ ಜಾಗ. ಮಂಜೂಷ, ಮೇಜು, ಧೂಪವೇದಿ, ಗುಡಾರದ ಹಲಗೆಗಳು, ಎಲ್ಲಾ ಅದರಿಂದಲೇ. ದೇವರು ದೂರದಿಂದ ತರಿಸಲಿಲ್ಲ, ಅವರು ನಡೀತಾ ಇದ್ದ ದಾರಿಯಲ್ಲಿ ಬೆಳೆದದ್ದನ್ನೇ ಕೇಳಿದನು. ಆಮೆನ್?

31ನೇ ಅಧ್ಯಾಯಕ್ಕೆ ಬನ್ನಿ. ಪೆಂತೆಕೋಸ್ತಿನವರು ನಾವು. ಅಭಿಷೇಕ ಅಂದ ಕೂಡಲೇ ನಮಗೆ ಏನು ನೆನಪಾಗ್ತದೆ? ಅನ್ಯಭಾಷೆ, ಪ್ರವಾದನೆ, ಸ್ವಸ್ಥತೆ. ಕರ್ತನಿಗೆ ಸ್ತೋತ್ರ, ಅದೆಲ್ಲಾ ನಾನು ನಂಬ್ತೀನಿ. ಆದ್ರೆ ಒಬ್ಬ ಮನುಷ್ಯನ ಹೆಸರು ಹಿಡಿದು, ಇವನನ್ನ ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ದೇವರೇ ಹೇಳಿದ್ದು ಮೊದಲು ಯಾರ ಬಗ್ಗೆ? ಯಾಜಕನಲ್ಲ, ಪ್ರವಾದಿಯಲ್ಲ. ಬೆಚಲೇಲ. ಯೆಹೂದ ಕುಲದವನು. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಕಟ್ಟಿಗೆ ಕೆಲಸದವನು. ಆತ್ಮ ಅವನ ಮೇಲೆ ಬಂದಾಗ ಅವನು ಎದ್ದು ಉಳಿ ತೊಗೊಂಡ.

ಇದನ್ನ ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೇ ಮಾರ್ಕ್ಸ್ ತೊಗೊಂಡೆ. ಅದೇ ವರ್ಷ, 2012ರಲ್ಲಿ, ರಜೆಗೆ ಊರಿಗೆ ಹೋಗಿ ಏನು ಮಾಡಿದೆ ಕೇಳಿ.

ನಮ್ಮ ಅವ್ವ ಮೊದಲು ನಂಬಿದ್ದು, ನಂತರ ನಾನು. ಅಪ್ಪ ನಂಬಲಿಲ್ಲ, ಅಡ್ಡಿಯನ್ನೂ ಮಾಡಲಿಲ್ಲ. ನಾನು ಬೈಬಲ್ ಕಾಲೇಜಿಗೆ ಹೋಗ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ: "ಕೈಕೆಲಸ ಮರೀಬ್ಯಾಡ ತಮ್ಮಾ." ಆ ರಜೆಯಲ್ಲಿ ಒಂದು ದಿನ ಕಟ್ಟಿಗೆ ಹಿಡಿಯೋಕೆ ಕರೆದರು. ನಾನು ಉಪವಾಸ ಪ್ರಾರ್ಥನೆಯಲ್ಲಿದ್ದೆ. ಇಪ್ಪತ್ತು ದಾಟಿದ ವಯಸ್ಸು, ಬಿಳಿ ಅಂಗಿ, ಕೈಯಲ್ಲಿ ಬೈಬಲ್. ನಾನು ಅಂದೆ: "ನಿನ್ನ ಕಟಗಿ ಕೆಲಸದಿಂದ ಒಂದು ಆತ್ಮಾನೂ ರಕ್ಷಣೆ ಆಗೂದಿಲ್ಲಪ್ಪಾ. ಎಲ್ಲಾ ಬೆಂಕಿಗೆ ಹೋಗೂದು." ಅಪ್ಪ ಏನೂ ಅನ್ನಲಿಲ್ಲ. ಹಲಗೆಯ ಇನ್ನೊಂದು ತುದಿಗೆ ಕಲ್ಲು ಇಟ್ಟು ಒಬ್ಬರೇ ಕೊಯ್ದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ನನ್ನ ಮದುವೆಗೂ ಬರಲಿಲ್ಲ.

ನಾನು ಅದನ್ನ ಏನಂತ ತಿಳ್ಕೊಂಡೆ ಗೊತ್ತಾ? ಸುವಾರ್ತೆಗೋಸ್ಕರ ಹಿಂಸೆ ಅಂತ. ಅನೇಕ ಸಭೆಗಳಲ್ಲಿ ಸಾಕ್ಷಿ ಹೇಳಿದೆ, ಜನ ಕೈ ತಟ್ಟಿದರು. ನಾನು ಹೇಳಿದ ಮಾತು ಏನು ಅನ್ನೋದನ್ನ ಮಾತ್ರ ಆ ಸಾಕ್ಷಿಯಲ್ಲಿ ಸೇರಿಸಲಿಲ್ಲ.

2021. ಎರಡನೇ ಲಾಕ್‌ಡೌನ್ ಮುಗಿದಿತ್ತು. ಮಗಳಿಗೆ ಆನ್‌ಲೈನ್ ಕ್ಲಾಸು, ಮಂಚದ ಮೇಲೆ ಮಲಗಿಕೊಂಡೇ ಓದ್ತಾಳೆ. ಅಂಗಡಿಯ ಟೇಬಲ್ ರೇಟು ನೋಡಿ, ಬಡಿಗನ ಮೊಮ್ಮಗ ನಾನೇ ಮಾಡ್ತೀನಿ ಅಂದೆ. ವಿಡಿಯೋ ನೋಡಿದೆ. ಕರಗಸ, ಉಳಿ, ಗುಣ್ಯಾ, ಎರಡು ಕ್ಲ್ಯಾಂಪು, ಫೆವಿಕಾಲ್ ತಂದೆ. ಡ್ರಿಲ್ ಪಕ್ಕದ ಮನೆಯ ಅಂಕಲ್ ಹತ್ರ ಸಾಲ. ಎರಡನೇ ದಿನವೇ ಅದರ ಬಿಟ್ ಮುರೀತು. 2 ಅರಸುಗಳು 6ರಲ್ಲಿ ಕೊಡಲಿ ನೀರಿಗೆ ಬಿದ್ದಾಗ ಆ ಶಿಷ್ಯ ಯಾಕೆ ಹಾಗೆ ಕೂಗಿಕೊಂಡ ಅಂತ ನನಗೆ ಅವತ್ತು ಅರ್ಥ ಆಯ್ತು. (ಸಭೆಯಲ್ಲಿ ನಗು.)

ಸಾಮಿಲ್ಲಿನಿಂದ ಸಿಲ್ವರ್ ಓಕ್ ಹಲಗೆ ತಂದೆ. ಕೈಗೆ ತಣ್ಣಗೆ ಹತ್ತಿತು, ಭಾರ ಇತ್ತು. ಹಸಿ ಇರಬಹುದು ಅಂತ ಒಂದು ಕ್ಷಣ ಅನ್ನಿಸಿತು. ಚಿಕ್ಕಂದಿನಿಂದ ಕಟ್ಟಿಗೆ ನೋಡಿದವನು, ಅನ್ನಿಸದೆ ಇರ್ತದಾ? ಆದ್ರೆ ಭಾನುವಾರದೊಳಗೆ ಮುಗಿಸಿ ಸ್ಟೇಟಸ್ ಹಾಕಬೇಕಿತ್ತು. ಮುಗಿಸಿದೆ, ಹಾಕಿದೆ. ನಿಮ್ಮಲ್ಲಿ ಅನೇಕರು ಲೈಕ್ ಮಾಡಿದ್ದೀರಿ, ನೆನಪಿದೆ.

ಮಾರ್ಚ್ ಬಿಸಿಲು ಬಂತು. ಒಂದು ರಾತ್ರಿ ಹಾಲ್‌ನಲ್ಲಿ ಟಪ್ ಅಂತ ಶಬ್ದ. ಮೇಜಿನ ಮೇಲ್ಹಲಗೆ ನಡುವೆ ಸೀಳಿತ್ತು. ಒಂದು ಕಾಲು ತಿರುಚಿ ನೆಲ ಬಿಟ್ಟು ನಿಂತಿತ್ತು. ಫೆವಿಕಾಲ್ ತುಂಬಿದೆ, ಕ್ಲ್ಯಾಂಪ್ ಹಾಕಿದೆ. ವಾರದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಸೀಳು. ಮಗಳು ಅಂದ್ಲು, "ಪಪ್ಪಾ, ತೆಲಸಂಗದ ಮುತ್ಯಾನ್ನ ಕೇಳು." ಅವಳು ಆ ಮುತ್ಯಾನ್ನ ಫೋಟೋದಲ್ಲಿ ಮಾತ್ರ ನೋಡಿದ್ದಳು.

ಅವ್ವನ ಫೋನಿಗೆ ವಿಡಿಯೋ ಕಾಲ್ ಮಾಡಿ ಮೇಜು ತೋರಿಸಿದೆ. ಅವ್ವ ಫೋನು ಒಯ್ದು ಅಪ್ಪನ ಮುಂದೆ ಹಿಡಿದಳು. ಹತ್ತು ವರ್ಷದ ಮೇಲೆ ಅಪ್ಪ ನನಗೆ ಆಡಿದ ಮೊದಲ ಮಾತು ಇದು: "ಹಸಿ ಕಟಗಿ. ಮ್ಯಾಲ ನಾಕೂ ಕಡೆ ಸ್ಕ್ರೂ ಜಡದಿ. ಅದಕ ಉಸರಾಡಾಕ ಜಾಗಾ ಎಲ್ಲೈತಿ?"

ಸಹೋದರ ಸಹೋದರಿಯರೇ, ಸ್ವಲ್ಪ ಇಲ್ಲಿ ನಿಲ್ಲಬೇಕು. ಹಸಿ ಮರದಲ್ಲಿ ನೀರು ತುಂಬಿರ್ತದೆ. ಕೊಯ್ದ ಹಲಗೆ ಗಾಳಿಗೆ ಒಣಗಬೇಕಾದ್ರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಬಡಿಗರ ಹಳೇ ಲೆಕ್ಕ. ಬಿಸಿಲಿಗೆ ಹಾಕಿ ಅವಸರ ಮಾಡಿದ್ರೆ ಹೊರಗೆ ಒಣಗಿ ಒಳಗೆ ಹಸಿ ಉಳೀತದೆ, ಸೀಳ್ತದೆ. ನೆರಳಲ್ಲಿ, ಹಲಗೆ ಹಲಗೆ ನಡುವೆ ರೀಪು ಇಟ್ಟು, ಗಾಳಿ ಆಡೋ ಹಾಗೆ ಒಟ್ಟಬೇಕು. ಒಣಗಿದ ಮೇಲೂ ಕಟ್ಟಿಗೆ ಸುಮ್ಮನಿರಲ್ಲ. ಮಳೆಗಾಲಕ್ಕೆ ಅಗಲದಲ್ಲಿ ಹಿಗ್ಗುತ್ತೆ, ಬೇಸಿಗೆಗೆ ಕುಗ್ಗುತ್ತೆ. ಉದ್ದದಲ್ಲಿ ಬಹಳ ಕಡಿಮೆ. ಅದಕ್ಕೆ ಮೇಲ್ಹಲಗೆಯನ್ನ ಚೌಕಟ್ಟಿಗೆ ಕೂರಿಸುವಾಗ ಸ್ಕ್ರೂ ತೂತನ್ನ ಸ್ವಲ್ಪ ಉದ್ದ ಬಿಡಬೇಕು, ಹಲಗೆ ಸರಿಯೋಕೆ. ನಾನು ಅಂಟೂ ಹಾಕಿ ಸ್ಕ್ರೂನೂ ಬಿಗಿದಿದ್ದೆ. ಅದು ಕುಗ್ಗೋಕೆ ಹೋಯ್ತು, ನಾನು ಬಿಡಲಿಲ್ಲ, ಒಡೀತು.

ನಾನು ಡಿಪ್ಲೊಮಾ ಮುಗಿಸಿ ಬಂದಾಗ ಹಸಿ ಕಟ್ಟಿಗೆ. ಬಂದ ತಿಂಗಳೇ ಮೈಕ್ ಕೇಳಿದೆ. ಕೊಟ್ಟರು ಕೂಡ. ಹೊರಗೆ ಪಾಲಿಶ್ ಚೆನ್ನಾಗಿತ್ತು, ಭಾಷೆ ಇತ್ತು, ಧ್ವನಿ ಇತ್ತು. ನಿಮ್ಮಲ್ಲಿ ಕೆಲವರು ರಕ್ಷಣೆ ಹೊಂದಿ ಆರು ತಿಂಗಳಾಗಿಲ್ಲ, ಆಗಲೇ ಚಾನೆಲ್ ಶುರು ಮಾಡಿ ಊರಿನ ತಂದೆ ತಾಯಿಗೆ ನ್ಯಾಯತೀರ್ಪು ಹೇಳ್ತಾ ಇದ್ದೀರಿ. ನಾನು ಬೈತಾ ಇಲ್ಲ. ನನ್ನ ಮೇಜಿನ ಫೋಟೋ ತೋರಿಸ್ತಾ ಇದ್ದೀನಿ ಅಷ್ಟೇ.

ಮಾರ್ಕ 6 ನೋಡಿ. ನಜರೇತಿನವರು ಯೇಸುವನ್ನ ಬಡಗಿ ಅಂತ ಗುರುತಿಸ್ತಾರೆ, ಅದೂ ಹೀಯಾಳಿಸಿ. ಸೇವೆ ಆರಂಭಿಸಿದಾಗ ಆತನಿಗೆ ಸುಮಾರು 30 ವರ್ಷ ಅಂತ ಲೂಕ ಬರೀತಾನೆ. ಅಲ್ಲಿವರೆಗೆ? ಎರಡನೇ ಶತಮಾನದ ಜಸ್ಟಿನ್ ಅನ್ನೋ ಸಭಾಪಿತೃ, ಯೇಸು ನೇಗಿಲು ಮತ್ತು ನೊಗ ಮಾಡ್ತಿದ್ದನು ಅಂತ ಬರೆದಿದ್ದಾನೆ. ನಮ್ಮ ಮುತ್ಯಾನ ಕೆಲಸ! ಲೋಕದ ರಕ್ಷಕನು ಅಷ್ಟು ವರ್ಷ ಯಾವನೋ ರೈತನ ಎತ್ತಿನ ಹೆಗಲು ಹುಣ್ಣಾಗದ ಹಾಗೆ ನೊಗ ಕೆತ್ತಿಕೊಂಡು ಕೂತನು. ಆಮೇಲೆ ತನ್ನ ನೊಗ ಮೃದುವಾದದ್ದು ಅಂತ ಹೇಳಿದನು. ಕೆಲಸ ಗೊತ್ತಿದ್ದವನ ಮಾತು ಅದು. ನಾನು ನಮ್ಮ ಅಪ್ಪನಿಗೆ ಅಂದದ್ದನ್ನ ಆ ವರ್ಷಗಳಲ್ಲಿ ನಜರೇತಿಗೆ ಹೋಗಿ ಅಂದಿದ್ರೆ ಯಾರಿಗೆ ಅಂದ ಹಾಗೆ ಆಗ್ತಿತ್ತು?

ಏಪ್ರಿಲ್‌ನಲ್ಲಿ ರಾತ್ರಿ ಬಸ್ಸಿಗೆ ಮಗಳನ್ನ ಕರ್ಕೊಂಡು ಹೊರಟೆ. ಅಥಣಿಯಲ್ಲಿ ಇಳಿದು ತೆಲಸಂಗದ ಬಸ್ಸು. ಅಪ್ಪ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಲಿಲ್ಲ, ಮೊಮ್ಮಗಳ ಕೈ ಹಿಡಿದು ದನದ ಕೊಟ್ಟಿಗೆಗೆ ಕರ್ಕೊಂಡು ಹೋದರು. ಅಟ್ಟದ ಮೇಲೆ ಜಾಲಿ ಹಲಗೆ, ಸಾಲಾಗಿ, ನಡುವೆ ರೀಪು ಇಟ್ಟು. ಧೂಳು ಒಂದು ಬೆರಳು ದಪ್ಪ. ನಾನು ಕೇಳಿದೆ, ಯಾವಾಗಿನದು ಅಂತ. ಅಪ್ಪ ನನಗಲ್ಲ, ಮಗಳಿಗೆ ಹೇಳಿದರು: "ನಿಮ್ಮಪ್ಪ ಸಿಟ್ಟಿಗೆದ್ದು ಹ್ವಾದನಲ್ಲವಾ, ಆ ವರ್ಸ ಕೊರಸಿದ್ದು. ಅವನ ಲಗ್ನಕ ಮಂಚಾ ಮಾಡಬೇಕಂತ."

ಅವತ್ತು ಅವರು ಒಬ್ಬರೇ ಕಲ್ಲು ಇಟ್ಟು ಕೊಯ್ದ ಹಲಗೆ ಅವು.

ಮೂರು ದಿನ ಕೆಲಸ ಮಾಡಿದ್ವಿ. ಒಣಗಿದ ಜಾಲಿ ಕಬ್ಬಿಣ ಇದ್ದ ಹಾಗೆ. ಒಂದು ತೂತು ಕೊರೆಯೋದ್ರೊಳಗೆ ಉಳಿ ಎರಡು ಸಲ ಮಸೆಯಬೇಕು. ಮೊಳೆ ಬೇಡ ಅಂದರು ಅಪ್ಪ. ಕಾಲಿಗೆ ಚೌಕ ತೂತು, ಅಡ್ಡಪಟ್ಟಿಯ ತುದಿಗೆ ಅದಕ್ಕೆ ಸರಿಯಾಗಿ ನಾಲಿಗೆ. ಒಳಗೆ ಹೊಕ್ಕು ಕಚ್ಚಿಕೊಳ್ಳಬೇಕು. ದೇವದರ್ಶನದ ಗುಡಾರದ ಹಲಗೆಗಳೂ ಹೀಗೇ. 48 ಹಲಗೆ, ಒಂದೊಂದರ ಕೆಳಗೆ ಎರಡೆರಡು ನಾಲಿಗೆ, ಬೆಳ್ಳಿಯ ಕುಳಿಗಳಲ್ಲಿ ಕೂರೋದು. ಇಬ್ರಿಯ ಭಾಷೆಯಲ್ಲಿ ಅದಕ್ಕೆ ಇರೋ ಪದ "ಯಾದ್", ಅಂದ್ರೆ ಕೈ. ಪಯಣ ಬಂದಾಗೆಲ್ಲಾ ಬಿಚ್ಚಿ, ಹೊತ್ತು, ಮತ್ತೆ ಜೋಡಿಸೋರು. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸೋ ನಿಮಗೆ ಇದು ಬೇಗ ಅರ್ಥ ಆಗ್ತದೆ.

ಚೌಕಟ್ಟು ಜೋಡಿಸಿದ ಮೇಲೆ ಅಪ್ಪ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟರು. ಮೂಲೆಯಿಂದ ಮೂಲೆಗೆ ಅಳೀಬೇಕು, ಎರಡೂ ಕಡೆ ಒಂದೇ ಬಂದ್ರೆ ಚೌಕ ಸರಿ. ಅರ್ಧ ಇಂಚು ವ್ಯತ್ಯಾಸ ಬಂತು. ಅಪ್ಪ ಕೊಡತಿಯಿಂದ ತಟ್ಟಿದರು, ನಾನು ಮತ್ತೆ ಅಳೆದೆ. ಆಗ ಹೇಳಿದೆ: "ಅಪ್ಪಾ, ಆವತ್ತ ನಾ ಅಂದಿದ್ದು ತಪ್ಪು." ಎಷ್ಟೋ ಸಭೆಗಳಲ್ಲಿ ಒಂದೊಂದು ತಾಸು ಮಾತಾಡಿದ್ದೀನಿ, ಈ ಒಂದು ಸಾಲು ಹೊರಗೆ ಬರೋಕೆ ಹತ್ತು ವರ್ಷ ಬೇಕಾಯ್ತು.

ಅಪ್ಪ ಟೇಪಿನಿಂದ ಕಣ್ಣು ತೆಗೀಲಿಲ್ಲ. "ಈ ಕಡೆ ಎಷ್ಟ ಬಂತು ಹೇಳು" ಅಂದರು. ಹೇಳಿದೆ. "ಹಾಂ, ಈಗ ಬರೋಬರಿ ಆತು" ಅಂದರು. ಚೌಕಟ್ಟಿಗೆ ಅಂದರೋ, ನನಗೆ ಅಂದರೋ, ನಾನು ಕೇಳಲಿಲ್ಲ. ಆ ಸಂಜೆ ನನ್ನ ತಾಟಿನ ಪಕ್ಕದಲ್ಲಿ ಕೂತು ರೊಟ್ಟಿ ತಿಂದರು.

ಮೇಜಿನ ಅಳತೆ ನಾನೇ ಹೇಳಿದ್ದೆ. ಎರಡು ಮೊಳ, ಒಂದು ಮೊಳ, ಒಂದೂವರೆ ಮೊಳ. ಯಾಕೆ ಅಂತ ಅಪ್ಪ ಕೇಳಿದರು. ಮೋಶೆಯ ಕಥೆ, ಬೆಚಲೇಲನ ಕಥೆ ಹೇಳಿದೆ. ಕೆಲಸ ಬಿಡದೆ ಕೇಳಿದರು. ಕೊನೆಗೆ ಒಂದು ಪ್ರಶ್ನೆ: "ನಿಮ್ಮ ದೇವರಿಗೆ ಜಾಲಿ ಗುಣಾ ಹ್ಯಾಂಗ ಗೊತ್ತು?" ಅಪ್ಪ ಇನ್ನೂ ಸಭೆಗೆ ಬಂದಿಲ್ಲ. ಆದ್ರೆ ಈಗ ಫೋನ್ ಮಾಡಿದ್ರೆ ಎತ್ತುತ್ತಾರೆ, ಮೇಜು ಅಲ್ಲಾಡ್ತದೇನು ಅಂತ ಕೇಳ್ತಾರೆ.

ಬುಕ್ ಶೆಲ್ಫ್ ಮಾಡ್ತಾ ಇರೋ ತಮ್ಮಾ, ಮಾಡು. ಹಲಗೆ ಒಣಗಿದೆಯಾ ನೋಡಿಕೊಂಡು ಮಾಡು. ರಂದಾ ಬೇಕಾದ್ರೆ, ಇಲ್ಲಿಯವರು ಕೀಸುಳಿ ಅಂತಾರಲ್ಲ, ನನ್ನ ಹತ್ರ ಇದೆ, ಮುತ್ಯಾನದು. ವಾಪಸ್ ಕೊಡಬೇಕು ಮಾತ್ರ.

ಈಗ ಎದ್ದು ನಿಲ್ಲೋಣ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ ನುಡಿಸಿ. ಊರಲ್ಲಿ ಯಾರ ಜೊತೆ ಮಾತು ನಿಂತಿದೆಯೋ ಅವರ ಹೆಸರು ಹೇಳಿ ಪ್ರಾರ್ಥಿಸೋಣ. ನಾನು ನಮ್ಮ ಅಪ್ಪನ ಹೆಸರು ಹೇಳ್ತೀನಿ.