ಕೇಳಿದ ಮಾತಿನ ಮುಯ್ಯಿ

ಓಟಿನ ಲೆಕ್ಕ ಹಾಕೋರನ್ನ ಬಿಟ್ಟರೆ ಕೇರಿಗೆ ಪುಸ್ತಕ ಹಿಡಿದು ಬರೋರು ಸಂಶೋಧನೆಯ ವಿದ್ಯಾರ್ಥಿಗಳು. ಸಮಾಜಕಾರ್ಯ, ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರು ದಲಿತ ಸಂಘರ್ಷ ಸಮಿತಿಯ ಶಾಖೆಗೋ, ಪೌರಕಾರ್ಮಿಕರ ಸಂಘಕ್ಕೋ, ಮಹಿಳಾ ಸಂಘಕ್ಕೋ ಕಾಲೇಜಿನ ಪತ್ರ ತರ್ತಾರೆ. ಅವರಿಗೆ ಬೇಕಾದ್ದು ಅಂಕಿಸಂಖ್ಯೆಯಲ್ಲ, ಅನುಭವ. ಗುಣಾತ್ಮಕ ಸಂಶೋಧನೆ ಅಂತಾರೆ ಅದಕ್ಕೆ. ಎಷ್ಟು ಜನ ಜೀತಕ್ಕಿದ್ದರು ಅಂತ ಎಣಿಸೋದಲ್ಲ. ಜೀತಕ್ಕಿದ್ದವನ ಹೊಟ್ಟೆಯೊಳಗೆ ಏನಿತ್ತು ಅಂತ ಕೇಳೋದು. ಕೆಲಸ ಒಳ್ಳೆಯದೇ. ನಮ್ಮಲ್ಲೇ ಹಲವರು ಪದವಿಗಾಗಿ ಇದನ್ನೇ ಮಾಡುತ್ತಿದ್ದೇವೆ. ಆದ್ದರಿಂದ ಪ್ರಶ್ನೆಯನ್ನು ನಮ್ಮ ಮುಂದೆಯೇ ಇಟ್ಟುಕೊಳ್ಳಬೇಕು: ಹೇಳಿದವರ ನೋವು ಬರೆದುಕೊಂಡವರ ಸೊತ್ತಾಗುತ್ತದೆಯೆ?

ವಿಶ್ವವಿದ್ಯಾಲಯಗಳು ಇದಕ್ಕೊಂದು ಉತ್ತರ ಕಂಡುಕೊಂಡಿವೆ. ಒಪ್ಪಿಗೆ ಪತ್ರ. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಗೆಳೆಯರೆ, ನಮ್ಮ ಕೇರಿಗಳಲ್ಲಿ ಹೆಬ್ಬೆಟ್ಟಿಗೆ ಒಂದು ಚರಿತ್ರೆಯಿದೆ. ಸಾಹುಕಾರನ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಅಪ್ಪನನ್ನೂ ಮಗನನ್ನೂ ಜೀತಕ್ಕೆ ಕಟ್ಟಿತು. ಸರ್ಕಾರ ಕೊಟ್ಟ ಎರಡೆಕರೆಯನ್ನೂ ಅದೇ ಹೆಬ್ಬೆಟ್ಟು ನುಂಗಿತು. ಜೀತ ರದ್ದು ಮಾಡಿದ 1976ರ ಕಾಯ್ದೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕರ್ನಾಟಕದ ಕಾಯ್ದೆ, ಈ ಎರಡರ ಒಳಮಾತೂ ಒಂದೇ: ಹಸಿದವನು ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಕಾನೂನಿಗೆ ತಿಳಿದದ್ದು ಸಂಶೋಧಕನಿಗೆ ತಿಳಿಯಬೇಡವೆ? ಸಂಘದ ಅಧ್ಯಕ್ಷ ಕರ್ಕೊಂಡು ಬಂದವ್ನೆ, ಇಲ್ಲ ಅನ್ನೋದು ಹೆಂಗೆ ಅಂತ ಕಾಗದಕ್ಕೆ ಒತ್ತಿದರೆ ಅದು ಬರೀ ಮುಲಾಜು. ಒಪ್ಪಿಗೆ ಅನ್ನಬೇಕಾದರೆ ‘ಒಲ್ಲೆ’ ಅನ್ನೋ ಶಕ್ತಿ ಇರಬೇಕು. ನಾಳೆ ಬಂದು ‘ನಾ ಹೇಳಿದ್ದನ್ನ ತೆಗೆದುಹಾಕು’ ಅನ್ನೋ ಹಕ್ಕೂ ಇರಬೇಕು.

ಇನ್ನು ಕೂತ ಜಾಗದ ಪ್ರಶ್ನೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಅದನ್ನು ‘ರಾಮಪುರ’ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಸಿಕ್ಕವು. ನೆನಪಿನ ಬಲದಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಹಳ್ಳಿಯಲ್ಲಿ ಅವರು ಇದ್ದದ್ದು ಊರ ಯಜಮಾನನ ಆಸರೆಯಲ್ಲಿ. ತಮ್ಮದು ಮೇಲ್ಜಾತಿಯ ಕಡೆಯಿಂದ ಕಂಡ ಹಳ್ಳಿ ಎಂದು ಅವರೇ ಒಪ್ಪಿಕೊಂಡರು. ಜಗಲಿಯ ಮೇಲೆ ಕೂತವನಿಗೆ ಕೇರಿಯ ಮಾತು ಕೇಳಿಸೋದಿಲ್ಲ. ಆದರೆ ಕೇರಿಯೊಳಗೂ ಜಗಲಿಗಳಿವೆ. ಸಂಘದ ಕಚೇರಿಯಲ್ಲೇ ಕೂತವನಿಗೆ ಕಾರ್ಯದರ್ಶಿಯ ಮಾತು ಕೇಳುತ್ತದೆ, ಒಲೆ ಊದುವವಳ ಮಾತು ಕೇಳೋದಿಲ್ಲ.

‘ಕೇರಿಯವನೇ ಬರೆದರೆ ಸರಿಹೋಯ್ತಲ್ಲ’ ಅನ್ನೋರಿದ್ದಾರೆ. ಹುಟ್ಟೊಂದೇ ಸಾಲದು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಂಬೇಡ್ಕರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಗೋಷ್ಠಿಯಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ಅಸ್ಪೃಶ್ಯತೆಯನ್ನು ಉಂಡ ಆ ಯುವಕ ತನ್ನ ನೋವನ್ನು ಪ್ರದರ್ಶನಕ್ಕಿಡಲಿಲ್ಲ. ಒಳಮದುವೆ ಜಾತಿಯನ್ನು ಹೇಗೆ ಕಾಯುತ್ತದೆ ಅಂತ ವಾದ ಹೂಡಿದ. ನೊಂದವನನ್ನು ಮಾತ್ರ ಕೇಳಿ ನೋಯಿಸಿದ ವ್ಯವಸ್ಥೆಯನ್ನು ಕೇಳದ ಸಂಶೋಧನೆ ಅರ್ಧ ಸಂಶೋಧನೆ.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ದುಡಿಯೋ ಜನರಲ್ಲಿ ಮುಯ್ಯಾಳು ಅಂತ ಪದ್ಧತಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ಕೂಲಿಯಿಲ್ಲ, ದಾನವೂ ಇಲ್ಲ. ತಪ್ಪಿಸಿಕೊಂಡವನಿಗೆ ಮುಂದಿನ ಸಲ ಆಳು ಸಿಗೋದಿಲ್ಲ, ಅಷ್ಟೆ. ಮುದುಕಿಯೊಬ್ಬಳು ಅರ್ಧ ದಿನದ ಕೂಲಿ ಬಿಟ್ಟು ನಮ್ಮ ಜೊತೆ ಮಾತಾಡಿದ್ದಾಳೆ. ಅವಳಿಗೆ ಮುಯ್ಯಿ ಏನು? ಬರೆದದ್ದನ್ನು ಕನ್ನಡದಲ್ಲಿ ಕೇರಿಗೆ ತಂದು ಓದಿ ಹೇಳೋದು. ಸಾಗುವಳಿ ಚೀಟಿ, ಪಹಣಿ ಹುಡುಕಿದ್ದರೆ ನಕಲು ಅವಳಿಗೂ ಸಂಘಕ್ಕೂ ಕೊಡೋದು. ಉಪವಿಭಾಗಾಧಿಕಾರಿಯ ಮುಂದೆ ಜಮೀನಿನ ಕೇಸು ನಿಂತಾಗ ಆ ಒಂದು ಹಾಳೆ ಹತ್ತು ಪ್ರಬಂಧಕ್ಕಿಂತ ತೂಕ.

ಇಲ್ಲೊಂದು ತೊಡಕಿದೆ. ಓದಿ ಹೇಳಿದಾಗ ಸಂಘದವರು ‘ಇದನ್ನ ಹೊಡೆದುಹಾಕು’ ಅಂದರೆ? ಗಂಡ ಕುಡಿದು ಬಂದು ಹೊಡೀತಾನೆ ಅಂತ ಒಬ್ಬಳು ಹೇಳಿದ್ದಾಳೆ ಅನ್ನಿ. ಆ ಗಂಡ ಸಂಘದ ಮುಂದಾಳು. ಚಳವಳಿಗೆ ಕೆಟ್ಟ ಹೆಸರು ಅಂತಾರೆ. ತಪ್ಪು ತಿದ್ದೋ ಹಕ್ಕು ಸಂಘಕ್ಕುಂಟು, ಬಾಯಿ ಮುಚ್ಚಿಸೋ ಹಕ್ಕಿಲ್ಲ. ಆ ಮಾತು ಸಂಘದ್ದಲ್ಲ. ನಮ್ಮದೂ ಅಲ್ಲ. ಅವಳದು. ಕೇರಿಗೆ ಓದುವ ಮೊದಲು ಅವಳೊಬ್ಬಳಿಗೇ ಓದಬೇಕು. ಹೆಸರು ಮರೆಸಿದರೂ ಮೂವತ್ತು ಮನೆಯ ಕೇರಿಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತೆ. ನಾವು ಬಸ್ಸು ಹತ್ತಿ ಹೋಗ್ತೀವಿ. ರಾತ್ರಿ ಆ ಮನೆಯಲ್ಲಿ ಇರಬೇಕಾದವಳು ಅವಳು. ಬರಿ ಅಂದರೆ ಯಾರು ತಡೆದರೂ ಬರೆಯೋಣ. ಬೇಡ ಅಂದರೆ ನಮ್ಮ ಪ್ರಬಂಧ ಸೊರಗಲಿ.

ಸತ್ಯಕ್ಕೆ ನಷ್ಟವಾಯ್ತಲ್ಲ ಅಂತ ವಿದ್ವಾಂಸರು ಕೇಳಬಹುದು. ನಷ್ಟವೇ. ಆದರೆ ಪೆಟ್ಟು ಅವಳದು, ಸತ್ಯ ನಮ್ಮದು ಅನ್ನೋ ಲೆಕ್ಕ ಬಹಳ ಹಳೇದು. ದುಡಿಮೆ ಕೇರಿಯದು, ಬೆಳೆ ಊರಿನದು ಅನ್ನೋ ಲೆಕ್ಕವೇ ಅದು. ಆ ಲೆಕ್ಕ ಮುರಿಯೋಕೆ ಅಂತಲೇ ನಾವು ಪೆನ್ನು ಹಿಡಿದದ್ದು.