ಬೆಟ್ಟ ಕಡಿದು ಕಡಲಿಗೆ ಸುರಿದ ಊರು

ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆಂಬ ಮಾತು ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದ ಕೇಳಿ ಕೇಳಿ ಸವೆದಿದೆ. ಮಳೆಗೆ ರಸ್ತೆಗಳು ಕೆರೆಯಾದಾಗಲೆಲ್ಲ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. ಪಕ್ಕದಲ್ಲಿದ್ದವರು 'ದೂರದ ಬೆಟ್ಟ ನುಣ್ಣಗೆ' ಎಂದು ನಗುತ್ತಾರೆ. ಈಚೆಗೆ ಸಿಂಗಪುರಕ್ಕೇ ಮತ್ತೊಮ್ಮೆ ಹೋಗಿ ಬಂದ ಮೇಲೆ, ಈ ಗಾದೆಯನ್ನು ನಾವು ಅರ್ಧ ಮಾತ್ರ ಬಳಸುತ್ತಿದ್ದೇವೆ ಅನ್ನಿಸಿದೆ.

ಪರದೇಶದ ಹಂಬಲ ಬಿಟ್ಟು ಮನೆಯಲ್ಲೇ ಇರು ಎಂಬುದೇ ಇದರ ತಾತ್ಪರ್ಯ ಎನ್ನುವವರಿದ್ದಾರೆ. ಅದು ಸೋಮಾರಿಗಳ ವ್ಯಾಖ್ಯಾನ. ಹತ್ತಿರ ಹೋದರೆ ನಿರಾಸೆಯೇ ಗತಿ ಎಂಬುದೂ ಸರಿಯಲ್ಲ. ಬೆಟ್ಟದ ಕಲ್ಲುಮುಳ್ಳಿನ ಹಾಗೆ ಅಲ್ಲಿನ ಜೇನು, ನೀರಿನ ಸೆಲೆಯೂ ದೂರಕ್ಕೆ ಕಾಣುವುದಿಲ್ಲ. ನನ್ನ ವಾದ ಇಷ್ಟೆ: ಹರದಾರಿಗಳ ದೂರಕ್ಕೆ ಹೇಳಿದ್ದು ವರ್ಷಗಳ ದೂರಕ್ಕೂ ಸಲ್ಲುತ್ತದೆ. ನಲವತ್ತು ವರ್ಷದಾಚೆಯಿಂದ ನೋಡಿದರೆ ಎಂಥ ಊರೂ ನುಣ್ಣಗೇ.

ನಾನು ಮೊದಲು ಅಲ್ಲಿಗೆ ಹೋದದ್ದು 1982ರಲ್ಲಿ. ಸಿಂಗಪುರ ನದಿಯ ದಡದ ಬೋಟ್ ಕೀಯಲ್ಲಿ ಮೂತಿಗೆ ಕಣ್ಣು ಬರೆದ ಸರಕಿನ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಅಲುಗಾಡುವ ಹಲಗೆಯ ಮೇಲೆ ಕೂಲಿಗಳು ಮೂಟೆ ಹೊತ್ತು ನಡೆಯುತ್ತಿದ್ದರು. ನೀರು ಕಪ್ಪಗೆ, ಮೂಗು ಮುಚ್ಚಿಕೊಳ್ಳುವಷ್ಟು ನಾತ. ಆಗ ಜೊತೆಗಿದ್ದ ಗೆಳೆಯರೇ ಈ ಸಲವೂ ಬಂದಿದ್ದರು. ಅದೇ ದಡದಲ್ಲಿ ಸಾಲುಗಟ್ಟಿದ ಹೋಟೆಲುಗಳನ್ನು ನೋಡಿ, "ಎಲ್ಲ ಹೋಯ್ತು ಕಣ್ರೀ, ಆ ಕಾಲದ ಊರೇ ಊರು" ಎಂದು ಹಲುಬಿದರು. ನಾತವನ್ನು ಅವರು ಮರೆತಿದ್ದರು. ಮೂಟೆ ಹೊತ್ತವರು ಮರೆತಿರಲಾರರು.

ಆಗಿನ ಪ್ರಧಾನಿ ಲೀ ಕ್ವಾನ್ ಯೂ 1977ರಲ್ಲಿ ಹತ್ತು ವರ್ಷದ ಗಡುವು ಕೊಟ್ಟು ಈ ನದಿಯನ್ನು ತೊಳೆಸಿದರು. ಅದಕ್ಕಾಗಿ ಹಂದಿ, ಬಾತುಕೋಳಿ ಸಾಕಣೆಗಳು ಎತ್ತಂಗಡಿಯಾದವು, ಸಾವಿರಾರು ಕುಟುಂಬಗಳು ಸರ್ಕಾರಿ ಫ್ಲಾಟುಗಳಿಗೆ ಹೋದವು, 1983ರಲ್ಲಿ ಸರಕಿನ ದೋಣಿಗಳೂ ಪಸಿರ್ ಪಂಜಾಂಗಿಗೆ ಹೊರಟವು. 2008ರಲ್ಲಿ ನದಿ ಸೇರುವ ಕೊಲ್ಲಿಯ ಬಾಯಿಗೆ ಅಣೆಕಟ್ಟು ಬಿದ್ದ ಮೇಲೆ ನದಿಗೆ ಉಬ್ಬರವಿಳಿತವೂ ಇಲ್ಲ. ಅದೀಗ ಸಿಹಿನೀರಿನ ಜಲಾಶಯದ ಭಾಗ. ನದೀಮುಖದಲ್ಲಿ 1972ರಲ್ಲಿ ನಿಲ್ಲಿಸಿದ್ದ ಮರ್‌ಲಯನ್ ಸಿಂಹಕ್ಕೆ ಹೊಸ ಸೇತುವೆ ಅಡ್ಡವಾಯಿತೆಂದು 2002ರಲ್ಲಿ ಸಿಂಹವನ್ನೇ ಎತ್ತಿ ಆಚೆಗಿಟ್ಟರು. ಊರ ಲಾಂಛನದ ಗತಿಯೇ ಇದಾದರೆ, ಪ್ರವಾಸಿಗರ ನೆನಪು ಯಾವ ಲೆಕ್ಕ!

ಇಲ್ಲಿ ಬೆಟ್ಟಗಳೂ ನಿಜವಾಗಿಯೇ ನುಣ್ಣಗಾಗಿವೆ. ಪೂರ್ವ ಕರಾವಳಿಯ ಕಡಲು ತುಂಬಲು 1960ರ ದಶಕದಿಂದ ಬೆಡೋಕ್, ತಾಂಪನೀಸ್ ಕಡೆಯ ಗುಡ್ಡಗಳನ್ನು ಕಡಿದು ಮಣ್ಣು ಸಾಗಿಸಿದರು. 1965ರಲ್ಲಿ ಸುಮಾರು 580 ಚದರ ಕಿ.ಮೀ. ಇದ್ದ ದೇಶ ಈಗ 730 ದಾಟಿದೆ. ಬೀಚ್ ರೋಡಿನಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಉಳಿದದ್ದರಲ್ಲಿ ಎತ್ತರದ ಬುಕಿತ್ ತಿಮಾ ಸುಮಾರು 164 ಮೀಟರು. ಮೈಸೂರಿನವರಾದರೆ ಅದನ್ನು ದಿಣ್ಣೆ ಎಂದಾರು.

ಹಾಗೆಂದು ಅಲ್ಲಿ ಕಳೆದದ್ದೆಲ್ಲ ಕಸವೇನಲ್ಲ. ಸ್ಟ್ಯಾಂಫರ್ಡ್ ರಸ್ತೆಯ ಕೆಂಪು ಇಟ್ಟಿಗೆಯ ರಾಷ್ಟ್ರೀಯ ಗ್ರಂಥಾಲಯವನ್ನು ಜನ ಬೇಡಬೇಡವೆಂದರೂ 2004ರಲ್ಲಿ ಮುಚ್ಚಿ, ಆಮೇಲೆ ಕೆಡವಿದರು. ಯಾತಕ್ಕೆ? ಸುರಂಗ ರಸ್ತೆಗೆ. ನಮ್ಮಲ್ಲಿ ಸುರಂಗದ ಕನಸು ಕಾಣುತ್ತಿರುವವರು ಸಿಂಗಪುರದ ಈ ಪುಟವನ್ನೂ ತಿರುವಿ ನೋಡಬೇಕು. ಕಾರುಗಳು ಸರಾಗವಾಗಿ ಹೋಗಲೆಂದು ಓದುವ ಜಾಗ ಒಡೆದದ್ದು ಯಾವ ಅಭಿವೃದ್ಧಿಯೋ ನನಗಂತೂ ತಿಳಿಯದು.

ಅದೇ ಊರು ಬೀದಿಬದಿಯಲ್ಲಿ ಅಡುಗೆ ಮಾಡಿ ಮಾರುತ್ತಿದ್ದವರನ್ನು ಎಬ್ಬಿಸಿದಾಗ ಲಾಠಿಯನ್ನಷ್ಟೇ ನೆಚ್ಚಲಿಲ್ಲ. ಲೈಸೆನ್ಸು ಕೊಟ್ಟಿತು, ಸೂರು, ನಲ್ಲಿ, ಚರಂಡಿ ಇರುವ ಹಾಕರ್ ಸೆಂಟರುಗಳನ್ನು ಕಟ್ಟಿತು. ಅಂಥವು ಇಂದಿಗೂ ನೂರಕ್ಕೂ ಹೆಚ್ಚಿವೆ. ಆ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಯನ್ನೂ ಸೇರಿತು. ನಮ್ಮ ಸಿಂಗಪುರ ಭಕ್ತರ ಭಾಷಣದಲ್ಲಿ ಫ್ಲೈಓವರ್ ಬರುತ್ತದೆ, ಗಗನಚುಂಬಿ ಬರುತ್ತದೆ, ಈ ನಲ್ಲಿ ಮಾತ್ರ ಬರುವುದಿಲ್ಲ. ಕೆ.ಆರ್. ಮಾರುಕಟ್ಟೆಯ ಹೊರಗೆ ಕೆಸರಲ್ಲಿ ಕೂತು ಸೊಪ್ಪು ಮಾರುವ ಹೆಂಗಸರಿಗೆ ಮೊದಲು ಅದೊಂದನ್ನು ಹಾಕಿಸಿಕೊಡಲಿ. ಸುರಂಗದ ಮಾತು ಆಮೇಲೆ ಆಡೋಣ.