ಹಿಟ್ಟಿನ ಕೋಳಿ, ತೆರೆಯ ಮೇಲಿನ ಕಾರು

ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿದರೆ ಪಾಪ ಸುತ್ತಿಕೊಳ್ಳುತ್ತದೆಯೇ? ಈ ಪ್ರಶ್ನೆಗೆ ಜನ್ನ ಕವಿ ಕೊಟ್ಟ ಉತ್ತರದಲ್ಲಿ ರಿಯಾಯಿತಿಯೇ ಇಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಈ ಜೈನ ಕವಿ 1209ರ ಸುಮಾರಿಗೆ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ಉಜ್ಜಯಿನಿಯ ರಾಜ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಬಲಿಗೆ ಒಪ್ಪುತ್ತಾನೆ. ಜೀವ ತೆಗೆಯಲು ಮನಸ್ಸಾಗದೆ ಹಿಟ್ಟಿನ ಕೋಳಿಯನ್ನು ಮಾಡಿಸುತ್ತಾನೆ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಎಂದು ಶುರುವಾಗಿ ಜನ್ಮದ ಮೇಲೆ ಜನ್ಮ ಪ್ರಾಣಿಗಳಾಗಿ ಹುಟ್ಟಿ, ಸಾಯಿಸಿಕೊಂಡು, ಮತ್ತೆ ಹುಟ್ಟುತ್ತಾರೆ.

ಇವತ್ತಿನ ಹಿಟ್ಟಿನ ಕೋಳಿ ಯಾವುದೆಂದರೆ ಸಿಮ್ ರೇಸಿಂಗ್ ಎನ್ನಬಹುದು. ಮನೆಯ ಕೋಣೆಯೊಂದರಲ್ಲಿ ಸೀಟು, ಸ್ಟೀರಿಂಗ್, ಪೆಡಲ್ ಮೂರನ್ನೂ ಲೋಹದ ಚೌಕಟ್ಟಿಗೆ ಬಿಗಿದು, ಎದುರಿಗೆ ತೆರೆ ಇಟ್ಟುಕೊಂಡು, ಕೂತಲ್ಲೇ ರೇಸ್ ಕಾರು ಓಡಿಸುವ ಆಟ. ಆ ಚೌಕಟ್ಟಿಗೆ ಆಡುವವರು ರಿಗ್ ಅನ್ನುತ್ತಾರೆ. ಕಾರು ಗೋಡೆಗೆ ಬಡಿದರೆ ಒಂದು ಗುಂಡಿ ಒತ್ತಿದರಾಯಿತು, ಹೊಸ ಕಾರು ತಯಾರು. ಗುದ್ದಿದವನಿಗೂ ಗಾಯವಿಲ್ಲ, ಗುದ್ದಿಸಿಕೊಂಡವನಿಗೂ ಇಲ್ಲ. ರಿಗ್ ಕೊಳ್ಳುವವರು ಬೆಲೆ, ಜಾಗ, ಬ್ರ್ಯಾಂಡ್ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಅಡಿಯಲ್ಲಿ ಜನ್ನನ ಪ್ರಶ್ನೆಯೇ ಇದೆ: ನಟನೆ ನಿಜಕ್ಕೆ ಎಷ್ಟು ಹತ್ತಿರ ಬಂದರೆ ಕೋಳಿ ಕೂಗುತ್ತದೆ? ಅದು ಕೂಗಬೇಕೋ, ಕೂಗಬಾರದೋ?

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾದಲ್ಲಿ ನಿಂತು ಕೇಳಿದರೆ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಈ ತಾಲ್ಲೂಕಿನಲ್ಲಿ ರೇಸ್ ಟ್ರ್ಯಾಕ್ ಇಲ್ಲ, ಕಾಡಿದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಜೊಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾದ ಮೇಲೆ ಕಾರವಾರಕ್ಕೆ ಹೋಗುವ ರಸ್ತೆಯ ತಿರುವುಗಳನ್ನು ಕಂಡರೆ ವೇಗದ ಹುಚ್ಚಿರುವ ಯಾರಿಗಾದರೂ ಬಲಗಾಲು ತುರಿಸುತ್ತದೆ. ಆದರೆ ತಿರುವಿನಾಚೆ ಏನಿದೆಯೋ ಗೊತ್ತಿಲ್ಲ. ಕಡವೆ ಇರಬಹುದು, ಕಾಡುಕೋಣ ಇರಬಹುದು, ಹೊರೆ ಹೊತ್ತು ಮನೆಗೆ ನಡೆದ ಕುಣಬಿ ಹೆಂಗಸರು ಇರಬಹುದು. ಇಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿಯಲ್ಲ. ವೇಗದ ಹಸಿವು ನಿಜವಾಗಿದ್ದರೆ ಅದನ್ನು ಕೋಣೆಯೊಳಗೆ ತೀರಿಸಿಕೊಳ್ಳುವುದೇ ಅಹಿಂಸೆ ಎಂದು ವಾದಿಸಬಹುದು. ವಾದ ತಪ್ಪಲ್ಲ, ಅರ್ಧ ಮಾತ್ರ.

ಯಾಕೆಂದರೆ ಕೋಣೆಯೊಳಗಿನ ಆಟಕ್ಕೂ ಹೊರಗೆ ಬೆಲೆ ತೆತ್ತವರಿದ್ದಾರೆ. ರಿಗ್ಗಿನ ಮೋಟರು, ಕಂಪ್ಯೂಟರು, ಮೂರು ಮೂರು ಪರದೆ ಎಲ್ಲದಕ್ಕೂ ಕರೆಂಟು ಬೇಕು. ರಾಜ್ಯಕ್ಕೆ ಕರೆಂಟು ಕೊಡುವ ದೊಡ್ಡ ನದಿಗಳಲ್ಲಿ ಕಾಳಿಯೂ ಒಂದು. ಅದರ ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಏಳುವಾಗ ಸೂಪಾ ಪಟ್ಟಣವೇ ನೀರಿನಡಿ ಹೋಯಿತು. ಒಂದು ಕಾಲಕ್ಕೆ ಈ ತಾಲ್ಲೂಕಿಗೂ ಸೂಪಾ ಎಂದೇ ಹೆಸರಿತ್ತು. ಮುಳುಗಡೆಯಾದವರು ಇದೇ ತಾಲ್ಲೂಕಿನ ರಾಮನಗರಕ್ಕೆ ಹೋಗಿ ಮನೆ ಕಟ್ಟಿಕೊಂಡರು. ಸಿಮ್ಯುಲೇಟರ್ ಎಂದರೆ ಯಾರಿಗೂ ನೋವಿಲ್ಲದ ಸ್ವಚ್ಛ ಆಟ ಎನ್ನುವ ಬೆಂಗಳೂರಿನ ಹುಡುಗರಿಗೆ ಈ ಊರಿನ ಹಿರಿಯರು ಹೇಳಬಹುದಾದ ಮಾತು ಬಹಳ ಇದೆ.

ನಟನೆಯ ಯಂತ್ರ ಹುಟ್ಟಿದ್ದೂ ಸಾವಿನ ನೆರಳಿನಲ್ಲೇ. 1910ರ ಆಸುಪಾಸು ಫ್ರಾನ್ಸಿನಲ್ಲಿ ಆಂಟೊನೆಟ್ ವಿಮಾನ ಕಲಿಸಲು ಸೀಳಿದ ಪೀಪಾಯಿಯಲ್ಲಿ ಶಿಷ್ಯನನ್ನು ಕೂರಿಸಿ, ಕೆಳಗೆ ನಿಂತವರು ಕೈಯಿಂದ ಅಲುಗಾಡಿಸುತ್ತಿದ್ದರು. 1929ರಲ್ಲಿ ಅಮೆರಿಕದ ಬಿಂಗ್‌ಹ್ಯಾಂಟನ್ ಊರಿನ ಎಡ್ವಿನ್ ಲಿಂಕ್ ತನ್ನ ಅಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳನ್ನೇ ಬಳಸಿ ಓಲಾಡುವ ವಿಮಾನದ ಪೆಟ್ಟಿಗೆ ಮಾಡಿದ. ಸೈನ್ಯ ಮೊದಲು ಮೂಸಿಯೂ ನೋಡಲಿಲ್ಲ. 1934ರಲ್ಲಿ ಸೈನ್ಯದ ಪೈಲಟ್‌ಗಳಿಗೆ ಅಂಚೆ ಸಾಗಿಸುವ ಕೆಲಸ ಬಿತ್ತು. ಮಂಜು, ಮೋಡದಲ್ಲಿ ದಾರಿ ಕಾಣದೆ ಹನ್ನೆರಡು ಜನ ಸತ್ತ ಮೇಲೆ ಆರು ಪೆಟ್ಟಿಗೆ ಕೊಂಡರು. ಇಲ್ಲಿ ಜನ್ನನ ಕಥೆ ತಿರುಗಿ ನಿಲ್ಲುತ್ತದೆ. ಯಶೋಧರನ ಕೋಳಿ ಕೊಲ್ಲುವ ಸಂಕಲ್ಪಕ್ಕೆ ಹಾಕಿದ ವೇಷ. ಲಿಂಕನ ಪೆಟ್ಟಿಗೆ ಸಾಯದಿರಲು ಮಾಡಿದ ತಾಲೀಮು. ಎರಡೂ ನಟನೆಯೇ, ಸಂಕಲ್ಪ ಬೇರೆ.

ಸಂಕಲ್ಪವೇ ಕರ್ಮ ಎನ್ನುವುದು ಬುದ್ಧನ ಬೋಧನೆಯ ತಿರುಳು. ಜೊಯಿಡಾದಂತೆ ಉತ್ತರ ಕನ್ನಡಕ್ಕೇ ಸೇರಿದ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಶುರುವಾಯಿತು. ಅಲ್ಲಿ ಮತ್ತೆ ಕಟ್ಟಿದ ಗಾಂದೆನ್, ದ್ರೆಪುಂಗ್ ಮಠಗಳ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ಹೊಡೆದು ತರ್ಕ ನಡೆಸುತ್ತಾರೆ. ಅದೇ ಪರಂಪರೆಯವರು ಮಂಡಲ ಎಂಬ, ಹೊರಗೆಲ್ಲೂ ಇಲ್ಲದ ಅರಮನೆಯೊಂದನ್ನು ಮನಸ್ಸಿನಲ್ಲಿ ಕಟ್ಟಿ, ಅದರೊಳಗೆ ತಾವೇ ಕೂತಂತೆ ಧ್ಯಾನ ಮಾಡುತ್ತಾರೆ. ಕಲ್ಪಿತ ಜಾಗದಲ್ಲಿ ಮಾಡಿದ ಅಭ್ಯಾಸ ನಿಜದ ಮನಸ್ಸನ್ನು ಬದಲಿಸುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಆ ಧ್ಯಾನಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹಾಗಾದರೆ ರಿಗ್ಗಿನಲ್ಲಿ ಕೂತು ಬೇಕೆಂದೇ ಇನ್ನೊಬ್ಬನಿಗೆ ಗುದ್ದುವವನ ಮನಸ್ಸೂ ಬದಲಾಗುತ್ತಿರಬೇಕಲ್ಲ?

2020ರ ಲಾಕ್‌ಡೌನಿನಲ್ಲಿ ಆಟದ ಗುದ್ದೂ ಮನಸ್ಸಿಗೆ ತಟ್ಟುತ್ತದೆ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ನಿಜದ ರೇಸುಗಳು ನಿಂತು, ವೃತ್ತಿಪರ ಚಾಲಕರೆಲ್ಲ ಮನೆಯ ರಿಗ್ಗುಗಳಿಗೆ ಬಂದರು. ಮೇ ತಿಂಗಳಲ್ಲಿ ಇಂಡಿಕಾರ್ ಚಾಲಕರ ಆನ್‌ಲೈನ್ ರೇಸಿನ ಕೊನೆಯ ಸುತ್ತುಗಳಲ್ಲಿ ಫ್ರೆಂಚ್ ಚಾಲಕ ಸಿಮೊನ್ ಪಜೆನೊ, ಮುನ್ನುಗ್ಗುತ್ತಿದ್ದ ಫಾರ್ಮುಲಾ ಒನ್ ಚಾಲಕ ಲ್ಯಾಂಡೊ ನಾರಿಸ್‌ನ ಎದುರಿಗೆ ಬಂದು ವೇಗ ಇಳಿಸಿದ. ನಾರಿಸ್ ಹೋಗಿ ಗುದ್ದಿದ. ಉದ್ದೇಶ ಅವನ ವೇಗ ತಗ್ಗಿಸುವುದಷ್ಟೇ ಇತ್ತು ಎಂದು ಪಜೆನೊ ಆಮೇಲೆ ಹೇಳಿದರೂ ಅಭಿಮಾನಿಗಳ ಸಿಟ್ಟು ತಣ್ಣಗಾಗಲಿಲ್ಲ. ಒಂದೇ ಒಂದು ಹಾಳೆ ತಗಡು ಬಾಗಿರಲಿಲ್ಲ, ಆದರೂ ಜನ ಅದನ್ನು ಮೋಸ ಎಂದೇ ಕರೆದರು. ಅದೇ ತಿಂಗಳು ಫಾರ್ಮುಲಾ ಇ ಚಾಲಕ ಡೇನಿಯಲ್ ಆಪ್ಟ್ ತನ್ನ ಜಾಗದಲ್ಲಿ ಕಸುಬಿನ ಸಿಮ್ ಆಟಗಾರನೊಬ್ಬನನ್ನು ಗುಟ್ಟಾಗಿ ಕೂರಿಸಿದ. ಸಿಕ್ಕಿಬಿದ್ದಾಗ ಅದು ತಮಾಷೆಯಾಗಿತ್ತು ಎಂದ. ಹತ್ತು ಸಾವಿರ ಯೂರೋ ದಾನಕ್ಕೆ ಕೊಡಬೇಕಾಯಿತು, ಆಡಿ ಕಂಪನಿ ಅವನನ್ನು ತಂಡದಿಂದ ಅಮಾನತು ಮಾಡಿತು. ಕೋಳಿ ಕೂಗಿತು.

ಇನ್ನೊಂದು ಸ್ವಾರಸ್ಯವಿದೆ. ಐರೇಸಿಂಗ್ ಎಂಬ ಪ್ರಸಿದ್ಧ ಸಿಮ್ಯುಲೇಟರ್ 2008ರಿಂದ ನಡೆಯುತ್ತಿದೆ. ಅದರಲ್ಲಿ ರಸ್ತೆಯಿಂದ ಚಕ್ರ ಆಚೆ ಹೋದರೆ ಒಂದು, ಕಾರು ಕೈತಪ್ಪಿ ಸುತ್ತಿದರೆ ಎರಡು, ಇನ್ನೊಂದು ಕಾರಿಗೆ ಜೋರಾಗಿ ಬಡಿದರೆ ನಾಲ್ಕು ಎಂದು ತಪ್ಪಿನ ಅಂಕಗಳು ಬೀಳುತ್ತವೆ. ಅಂಕ ಹೆಚ್ಚಾದಂತೆ ಪರವಾನಗಿಯ ದರ್ಜೆಗೇ ಕುತ್ತು. ಗುದ್ದಿದ್ದು ಯಾರ ತಪ್ಪು ಎಂದು ಯಂತ್ರ ಕೇಳುವುದೇ ಇಲ್ಲ, ಇಬ್ಬರಿಗೂ ಬೀಳುತ್ತದೆ. ಉದ್ದೇಶ ಏನೇ ಇರಲಿ, ಕರ್ಮದ ಧೂಳು ಜೀವಕ್ಕೆ ಅಂಟಿಯೇ ಅಂಟುತ್ತದೆ ಎನ್ನುವ ಕಟ್ಟುನಿಟ್ಟಿನ ಜೈನ ನಿಲುವಿಗೆ ಅಮೆರಿಕದ ತಂತ್ರಜ್ಞರು ತಿಳಿಯದೆಯೇ ಹತ್ತಿರ ಬಂದಿದ್ದಾರೆ. ಇದು ಅನ್ಯಾಯ ಅನ್ನಿಸಬಹುದು. ಆದರೆ ಆ ಲೆಕ್ಕದ ಭಯದಿಂದಲೇ ಹೊಸಬರು ಪಕ್ಕದವನಿಗೆ ಜಾಗ ಬಿಡುವುದನ್ನು ಕಲಿಯುತ್ತಾರೆ.

ಇಷ್ಟಾದ ಮೇಲೆ ರಿಗ್ಗಿನ ಮಾತು. ಕಣ್ಣನ್ನು ಮೋಸಗೊಳಿಸುವುದು ಸುಲಭ, ಮೈಯನ್ನು ಮೋಸಗೊಳಿಸುವುದು ಕಷ್ಟ. ಹಲ್ಲುಚಕ್ರಗಳ ಅಗ್ಗದ ಸ್ಟೀರಿಂಗ್, ಉದಾಹರಣೆಗೆ 2015ರಲ್ಲಿ ಬಂದ ಲಾಜಿಟೆಕ್ ಜಿ29, ಸುಮಾರು ಎರಡು ನ್ಯೂಟನ್ ಮೀಟರ್ ತಿರುಚು ಬಲ ಕೊಡುತ್ತದೆ. ರಸ್ತೆಯ ಸುದ್ದಿ ಕೈಗೆ ತಲುಪುತ್ತದೆ, ಅಷ್ಟೇ. ಸ್ಟೀರಿಂಗ್ ನೇರವಾಗಿ ಮೋಟರಿನ ದಂಡಕ್ಕೇ ಕೂರುವ ಡೈರೆಕ್ಟ್ ಡ್ರೈವ್‌ಗಳಲ್ಲಿ ಐದು, ಎಂಟು, ಹನ್ನೊಂದು, ಇಪ್ಪತ್ತು ದಾಟಿಯೂ ಬಲ ಸಿಗುತ್ತದೆ. ಬಲವಾದವುಗಳ ಪಕ್ಕದಲ್ಲಿ ತುರ್ತಿಗೆ ಒತ್ತಲು ಕೆಂಪು ಗುಂಡಿ ಇಟ್ಟಿರುತ್ತಾರೆ, ಯಾಕೆಂದರೆ ತೆರೆಯ ಮೇಲೆ ಕಾರು ಗೋಡೆಗೆ ಬಡಿದ ಗಳಿಗೆಯಲ್ಲಿ ಹೆಬ್ಬೆರಳು ಸ್ಟೀರಿಂಗಿನ ಒಳಗಿದ್ದರೆ ನಿಜವಾಗಿಯೂ ಉಳುಕಬಹುದು.

ಬ್ರೇಕಿನಲ್ಲಿ ವಿಚಾರ ಇನ್ನೂ ಗಹನ. ಸಾದಾ ಪೆಡಲ್ ಕಾಲು ಎಷ್ಟು ದೂರ ಹೋಯಿತೆಂದು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲ್ ಕಾಲು ಎಷ್ಟು ಬಲ ಹಾಕಿತೆಂದು ಅಳೆಯುತ್ತದೆ. ನಿಜದ ರೇಸ್ ಕಾರಿನ ಬ್ರೇಕು ಕೇಳುವುದೂ ಬಲವನ್ನೇ. ಸ್ನಾಯುವಿಗೆ ದೂರಕ್ಕಿಂತ ಬಲ ಚೆನ್ನಾಗಿ ನೆನಪಿರುತ್ತದೆ. ಹತ್ತಾರು ಕಿಲೋ ಭಾರ ಹಾಕಿ ಒದ್ದಾಗ ಆಫೀಸಿನ ಗಾಲಿಕುರ್ಚಿ ಹಿಂದೆ ಓಡುತ್ತದೆ, ಮೇಜು ನಡುಗುತ್ತದೆ. ಚೌಕಟ್ಟು ಬೇಕಾಗುವುದು ಇಲ್ಲೇ. ಪತಂಜಲಿ ಆಸನಕ್ಕೆ ಇಟ್ಟ ಷರತ್ತು ಎರಡೇ: ಅಲುಗಬಾರದು, ಹಿತವಾಗಿರಬೇಕು. ರಿಗ್ ಕೊಳ್ಳುವವನಿಗೂ ಅದಕ್ಕಿಂತ ಹೆಚ್ಚಿನ ಉಪದೇಶ ಬೇಕಿಲ್ಲ. ಕಾಲು ಸೊಂಟದ ಮಟ್ಟಕ್ಕೆ ಏರುವ ಫಾರ್ಮುಲಾ ಭಂಗಿ ನೋಡಲು ಚೆಂದ, ಎಲ್ಲರ ಬೆನ್ನಿಗೂ ಅದು ಒಗ್ಗುವುದಿಲ್ಲ. ಸಾಮಾನ್ಯ ಕಾರಿನಂತೆ ಕೂರುವ ಜಿಟಿ ಭಂಗಿ ಮನೆಗೆ ಸಾಕು.

ಮೋಟರುಗಳ ಮೇಲೆ ಇಡೀ ಸೀಟೇ ಓಲಾಡುವ ದುಬಾರಿ ರಿಗ್ಗುಗಳ ಬಗ್ಗೆ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಅವು ಚಾಲಕನ ಕೌಶಲಕ್ಕಿಂತ ನೋಡುವವರ ಅಚ್ಚರಿಗೆ ಹೆಚ್ಚು ಒದಗುತ್ತವೆ. ಅಲುಗಾಟ ಕಣ್ಣಿಗೆ ಕಂಡದ್ದರೊಂದಿಗೆ ಹೊಂದದಿದ್ದರೆ ವಾಂತಿಯೂ ಬರುತ್ತದೆ.

ಎಷ್ಟೇ ಖರ್ಚು ಮಾಡಿದರೂ ರಿಗ್ಗಿನಲ್ಲಿ ಸಿಗದ್ದು ಯಾವುದು ಎಂದು ತಿಳಿಯಲು ಉಳವಿಗೆ ಹೋಗಬೇಕು. ಕಲ್ಯಾಣದ ಗಲಭೆಯ ನಂತರ ಶರಣರೊಂದಿಗೆ ಬಂದ ಚನ್ನಬಸವಣ್ಣನ ಸಮಾಧಿ ಇರುವುದು ಜೊಯಿಡಾ ತಾಲ್ಲೂಕಿನ ಈ ಊರಿನಲ್ಲಿ. ಅವನ ತಾಯಿ ಅಕ್ಕನಾಗಮ್ಮನ ಗವಿಯೂ ಇಲ್ಲೇ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಕಾಡುದಾರಿಯಲ್ಲಿ ದಿನಗಟ್ಟಲೆ ಬರುತ್ತಾರೆ. ಅಂಗೈಯಲ್ಲೇ ಲಿಂಗ ಹಿಡಿದು ಸ್ಥಾವರದ ಗುಡಿ ಬೇಡವೆಂದವರ ಸಮಾಧಿಗೆ ಇಷ್ಟು ದೂರದ ಪಯಣ ಯಾಕೆ ಎಂದು ತರ್ಕ ಕೇಳಬಹುದು. ಬಸ್ಸೂ ಇದೆಯಲ್ಲ. ಆದರೆ ಚಕ್ಕಡಿ ಹೊಡೆಯುವವನಿಗೆ ದಾರಿಯುದ್ದಕ್ಕೂ ಎರಡು ಎತ್ತುಗಳ ಮನಸ್ಸಿನೊಂದಿಗೆ ವ್ಯವಹಾರ. ಎತ್ತು ದಣಿಯುತ್ತದೆ, ಬಾಯಾರುತ್ತದೆ, ಏರು ಬಂದರೆ ನಿಂತುಬಿಡುತ್ತದೆ. ಅದನ್ನು ರೀಸೆಟ್ ಮಾಡಲು ಬರುವುದಿಲ್ಲ. ಒಬ್ಬನೇ ಕೂತ ರಿಗ್ಗಿನಲ್ಲಿ ಇನ್ನೊಂದು ಜೀವದ ಸುಸ್ತು ಎಂಬುದೇ ಇಲ್ಲ.

ಆ ಕೊರತೆ ಸಣ್ಣದಲ್ಲ. ವಿಡಿಯೊ ಗೇಮಿನಿಂದ ನಿಜದ ರೇಸಿಗೆ ಬಂದವರಲ್ಲಿ ಹೆಸರುವಾಸಿ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ. 2011ರಲ್ಲಿ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದು ನಿಸಾನ್ ತಂಡ ಸೇರಿದವನು. 2015ರ ಮಾರ್ಚ್ 28ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಏರೊಂದನ್ನು ದಾಟುವಾಗ ಅವನ ಕಾರು ಗಾಳಿಗೆದ್ದು ಬೇಲಿ ಹಾರಿತು, ಪ್ರೇಕ್ಷಕರೊಬ್ಬರು ಸತ್ತರು. ಆಮೇಲೆ ಅಲ್ಲಿ ವೇಗಮಿತಿ ಬಂತು, ರಸ್ತೆಯ ಉಬ್ಬುಗಳನ್ನು ತಿದ್ದಿದರು. ಅವನ ಬದುಕಿನ ಮೇಲೆ 2023ರಲ್ಲಿ ಬಂದ ‘ಗ್ರ್ಯಾನ್ ಟುರಿಸ್ಮೊ’ ಸಿನಿಮಾ ಆ ಸಾವನ್ನು 2013ರ ಲ ಮಾನ್ ರೇಸಿಗಿಂತ ಹಿಂದಕ್ಕೆ ತಂದು, ನಾಯಕ ಮತ್ತೆ ಎದ್ದು ನಿಲ್ಲುವ ಕಥೆಗೆ ಮೆಟ್ಟಿಲು ಮಾಡಿಕೊಂಡಿತು. ನಿಜದ ಸಾವನ್ನೇ ಹಿಟ್ಟಿನ ಕೋಳಿ ಮಾಡಿದ ಆ ಕೆಲಸ ಯಾವ ರಿಗ್ಗಿನ ಆಟಕ್ಕಿಂತಲೂ ಕೆಟ್ಟದ್ದು.

ಹಾಗಾಗಿ ಜೊಯಿಡಾ, ದಾಂಡೇಲಿ ಕಡೆಯ ಮನೆಗೆ ರಿಗ್ ತರುವವರು ಹಣವನ್ನು ಈ ಕ್ರಮದಲ್ಲಿ ಸುರಿಯುವುದು ಲೇಸು. ಮೊದಲು ಲೋಡ್ ಸೆಲ್ ಬ್ರೇಕು, ಆಮೇಲೆ ಅಲುಗದ ಚೌಕಟ್ಟು, ಕೊನೆಗೆ ಐದರಿಂದ ಎಂಟು ನ್ಯೂಟನ್ ಮೀಟರಿನ ಸ್ಟೀರಿಂಗ್. ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣದ ಪೈಪು ತುಕ್ಕು ಹಿಡಿಯುತ್ತದೆ. ಕೈ ಸಾಗಿದರೆ ಅಲ್ಯೂಮಿನಿಯಂ ಪ್ರೊಫೈಲ್, ಇಲ್ಲವಾದರೆ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನದನ್ನು ಮಾಡಿಸಿ ಎರಡು ಕೋಟು ಪೇಂಟ್ ಹೊಡೆಸಿ, ಗುಜರಿಯ ಹಳೆ ಕಾರಿನ ಸೀಟು ಕೂರಿಸಬಹುದು. ಕರೆಂಟು ಹೋಗಿ ಬರುವ ಊರಾದ್ದರಿಂದ ಯುಪಿಎಸ್ ಬೇಕೇ ಬೇಕು. ಮೊಬೈಲ್ ಸಿಗ್ನಲ್ಲಿಗೇ ಗುಡ್ಡ ಹತ್ತಬೇಕಾದ ಹಳ್ಳಿಗಳಲ್ಲಿ ಆನ್‌ಲೈನ್ ರೇಸು ಸದ್ಯಕ್ಕೆ ಕನಸು. ನೆಟ್‌ವರ್ಕ್ ಇರುವ ಕಡೆ ಮಾತ್ರ ಒಬ್ಬರೇ ಆಡದೆ, ತಪ್ಪಿನ ಲೆಕ್ಕ ಇಡುವ ಆನ್‌ಲೈನ್ ರೇಸಿಗೇ ಸೇರಿಕೊಳ್ಳಿ.